ಹೋಂಸ್ಟೇ ಬುಕಿಂಗಿನಿಂದ ಅಡಿಕೆ ಸೊಸೈಟಿ ಪೋರ್ಟಲ್‌ವರೆಗೆ: ಯಾವ ಸೈಟಿಗೆ ಯಾವ ಓಪನ್ ಸೋರ್ಸ್ ಸೆಕ್ಯುರಿಟಿ ಟೂಲ್?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ವೆಬ್‌ಸೈಟ್ ಮಾಡಿಕೊಡುವವರು ಬಹುಪಾಲು ಇಬ್ಬರು ಮೂವರ ತಂಡಗಳು. ಕೆಲಸವೂ ಹೆಚ್ಚುಕಮ್ಮಿ ಒಂದೇ ಬಗೆಯದು. ಹೋಂಸ್ಟೇಗೊಂದು ಬುಕಿಂಗ್ ಪುಟ, ಸಹಕಾರ ಸಂಘಕ್ಕೊಂದು ಸದಸ್ಯರ ಲಾಗಿನ್, ಶಾಲೆಗೆ ಫೀಸು ಕಟ್ಟುವ ವ್ಯವಸ್ಥೆ, ಮಂಡಿಗೆ ದಿನದ ಅಡಿಕೆ ಧಾರಣೆ ತೋರಿಸುವ ಪಟ್ಟಿ. ಒಳಗೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಅಥವಾ ವರ್ಡ್‌ಪ್ರೆಸ್. ಇರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ಸೆಕ್ಯುರಿಟಿ ಆಡಿಟ್ಟಿಗೆ ಬೇರೆ ದುಡ್ಡು ಆಗುತ್ತದೆ ಅಂದರೆ ಗಿರಾಕಿ ಮಾತು ಬದಲಿಸುತ್ತಾರೆ. ಕೊನೆಗೆ ಸೈಟ್ ಕಟ್ಟಿದವರೇ ಪರೀಕ್ಷೆಯನ್ನೂ ಮಾಡಬೇಕು, ಅದೂ ಪುಕ್ಕಟೆ ಸಿಗುವ ಟೂಲ್‌ಗಳಲ್ಲಿ.

ಟೂಲ್‌ಗಳಿಗೇನೂ ಬರವಿಲ್ಲ. ಭದ್ರತಾ ಪರೀಕ್ಷೆಗೆಂದೇ ಇರುವ ಕಾಲಿ ಲಿನಕ್ಸ್ ಹಾಕಿಕೊಂಡರೆ ನೂರಾರು ಒಟ್ಟಿಗೇ ಬಂದು ಕೂರುತ್ತವೆ. ಕಷ್ಟ ಇರುವುದು ಆರಿಸಿಕೊಳ್ಳುವುದರಲ್ಲಿ. ‘ಯಾವುದು ಬೆಸ್ಟ್’ ಎಂದು ಕೇಳುವವರು ಸಾಮಾನ್ಯವಾಗಿ ಕೇಳುತ್ತಿರುವುದು ಯಾವ ಸ್ಕ್ಯಾನರ್ ಹೆಚ್ಚು ದೋಷ ತೋರಿಸುತ್ತದೆ ಎಂದು. ನನ್ನ ಲೆಕ್ಕದಲ್ಲಿ ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ವೆಬ್ ಭದ್ರತೆಗಾಗಿ ಇರುವ ಓವಾಸ್ಪ್ ಸಂಸ್ಥೆಯ ಟಾಪ್ ಟೆನ್ ಅಪಾಯಗಳ ಪಟ್ಟಿಯಲ್ಲಿ 2017ರಲ್ಲಿ ಐದನೇ ಜಾಗದಲ್ಲಿದ್ದ ‘ಬ್ರೋಕನ್ ಆ್ಯಕ್ಸೆಸ್ ಕಂಟ್ರೋಲ್’ 2021ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಅಂದರೆ ಒಬ್ಬರು ನೋಡಬೇಕಾದ್ದನ್ನು ಇನ್ನೊಬ್ಬರು ನೋಡಿಬಿಡುವ ತೂತು. ಲಾಗಿನ್ ಇರುವ ನಮ್ಮೂರ ಸೈಟುಗಳಲ್ಲಿ ದೊಡ್ಡ ಭಯವೂ ಇದೇ. ಇದನ್ನು ಸ್ಕ್ಯಾನರ್ ಒಂದೇ ಹಿಡಿದುಕೊಡುವುದು ತೀರಾ ಅಪರೂಪ. ಆದ್ದರಿಂದ ಕೈಯಿಂದ ನೋಡಲು ಯಾವುದು ಅನುಕೂಲವೋ ಅದು ಮೊದಲು, ತಾನಾಗಿ ಹುಡುಕುವಂಥದ್ದು ಆಮೇಲೆ. ಕೆಳಗಿನ ಹೋಲಿಕೆ ಈ ಅಳತೆಗೋಲಿನ ಮೇಲೆಯೇ ನಿಂತಿದೆ.

ಟೂಲ್ ಇಳಿಸುವ ಮೊದಲು ಒಪ್ಪಿಗೆ

ಇವು ಯಾವುವೂ ಸುಮ್ಮನೆ ನೋಡಿ ಬರುವ ಸಾಫ್ಟ್‌ವೇರ್ ಅಲ್ಲ. ಸೈಟಿನ ಮೇಲೆ ದಾಳಿಯಂಥದ್ದನ್ನೇ ಮಾಡಿ ನೋಡುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋದರೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಸರ್, ನಿಮ್ಮ ಸೈಟಲ್ಲಿ ತೂತು ಇದೆ ನೋಡಿ’ ಎಂದು ಉಪಕಾರ ಮಾಡಲು ಹೋಗಿ ಠಾಣೆ ಮೆಟ್ಟಿಲು ಹತ್ತುವುದು ಬೇಡ. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ: ಯಾವ ವಿಳಾಸ, ಯಾವ ದಿನಾಂಕ, ಯಾವ ಹೊತ್ತು ಎಂದು ಸ್ಪಷ್ಟವಾಗಿರಲಿ. ಶೇರ್ಡ್ ಹೋಸ್ಟಿಂಗ್ ಆದರೆ ಅದೇ ಸರ್ವರ್ ಮೇಲೆ ಬೇರೆಯವರ ಸೈಟುಗಳೂ ಇರುತ್ತವೆ. ಹೋಸ್ಟಿಂಗ್ ಕಂಪನಿಯ ನಿಯಮ ಸ್ಕ್ಯಾನಿಂಗ್‌ಗೆ ಏನನ್ನುತ್ತದೆ ಎಂದು ಓದಿಕೊಳ್ಳದೆ ಶುರುಮಾಡಬೇಡಿ.

ಇನ್ನೂ ಒಳ್ಳೆಯ ದಾರಿ ಎಂದರೆ ಸೈಟಿನ ನಕಲೊಂದನ್ನು ನಿಮ್ಮದೇ ಲ್ಯಾಪ್‌ಟಾಪಿನಲ್ಲೋ ಸಣ್ಣ ಕ್ಲೌಡ್ ಸರ್ವರ್‌ನಲ್ಲೋ ಎಬ್ಬಿಸಿಕೊಂಡು ಅದರ ಮೇಲೆ ಪರೀಕ್ಷೆ ಮಾಡುವುದು. ಯಾಕೆ ಎನ್ನುವುದು ಎಸ್‌ಕ್ಯೂಎಲ್‌ಮ್ಯಾಪ್ ಎಂಬ ಟೂಲಿನ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಝ್ಯಾಪ್: ಒಂದೇ ಕಲಿಯುವುದಾದರೆ ಇದು

ಸೈಮನ್ ಬೆನೆಟ್ಸ್ 2010ರಲ್ಲಿ ಪ್ಯಾರೋಸ್ ಎಂಬ ಹಳೆಯ ಪ್ರಾಕ್ಸಿಯನ್ನು ಎತ್ತಿಕೊಂಡು ಬೆಳೆಸಿದ ಟೂಲ್ ಇದು. ಬಹುಕಾಲ ಓವಾಸ್ಪ್ ಝ್ಯಾಪ್ ಎಂದೇ ಹೆಸರಾಗಿತ್ತು. 2023ರಲ್ಲಿ ಓವಾಸ್ಪ್ ಬಿಟ್ಟು ಹೊರಬಂತು, 2024ರಿಂದ ಚೆಕ್‌ಮಾರ್ಕ್ಸ್ ಕಂಪನಿಯ ಬೆಂಬಲದಲ್ಲಿ ನಡೆಯುತ್ತಿದೆ. ಲೈಸೆನ್ಸ್ ಮಾತ್ರ ಮೊದಲಿನ ಅಪಾಚೆ 2.0 ಆಗಿಯೇ ಉಳಿದಿದೆ. ಗಿರಾಕಿಯಿಂದ ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು.

ಇದು ಮೂಲತಃ ಪ್ರಾಕ್ಸಿ. ಬ್ರೌಸರ್‌ಗೂ ಸೈಟಿಗೂ ನಡುವೆ ಕೂತು, ಹೋಗುವ ಪ್ರತಿ ರಿಕ್ವೆಸ್ಟ್, ಬರುವ ಪ್ರತಿ ಉತ್ತರವನ್ನು ಹಿಡಿದು ತೋರಿಸುತ್ತದೆ. ಅದರ ಮೇಲೆ ಲಿಂಕ್ ಹಿಡಿದು ಪುಟ ಹುಡುಕುವ ಸ್ಪೈಡರ್ ಇದೆ, ಸುಮ್ಮನೆ ಗಮನಿಸುವ ಪ್ಯಾಸಿವ್ ಸ್ಕ್ಯಾನ್ ಇದೆ, ನಿಜವಾಗಿ ಚುಚ್ಚಿ ನೋಡುವ ಆ್ಯಕ್ಟಿವ್ ಸ್ಕ್ಯಾನ್ ಇದೆ. ಹೆಚ್ಚಿನವರು ಇಳಿಸಿದ ತಕ್ಷಣ ವಿಳಾಸ ಹಾಕಿ ‘ಅಟ್ಯಾಕ್’ ಗುಂಡಿ ಒತ್ತುತ್ತಾರೆ. ನನ್ನ ಸಲಹೆ: ಆ ಗುಂಡಿಯನ್ನು ಮರೆತು ‘ಮ್ಯಾನ್ಯುಯಲ್ ಎಕ್ಸ್‌ಪ್ಲೋರ್’ ತೆರೆಯಿರಿ. ಪ್ರಾಕ್ಸಿ ಜೋಡಿಸಿಕೊಂಡೇ ಬ್ರೌಸರ್ ತೆರೆದುಕೊಳ್ಳುತ್ತದೆ, ಸರ್ಟಿಫಿಕೇಟ್ ರಗಳೆ ಇಲ್ಲ.

ಸಹಕಾರ ಸಂಘದ ಪೋರ್ಟಲ್ ಒಂದನ್ನು ಊಹಿಸಿಕೊಳ್ಳಿ. ಸದಸ್ಯರು ಲಾಗಿನ್ ಆಗಿ, ತಾವು ಹಾಕಿದ ಅಡಿಕೆಯ ರಸೀದಿ ನೋಡಬಹುದು. ವಿಳಾಸದ ಕೊನೆಯಲ್ಲಿ ಐಡಿ 1042 ಎಂದಿದೆ. ಎರಡು ಪರೀಕ್ಷಾ ಖಾತೆ ಮಾಡಿಕೊಳ್ಳಿ. ಮೊದಲ ಸದಸ್ಯನಾಗಿ ಲಾಗಿನ್ ಆಗಿ ಅವನ ರಸೀದಿ ತೆರೆಯಿರಿ. ಝ್ಯಾಪ್‌ನ ಹಿಸ್ಟರಿ ಪಟ್ಟಿಯಲ್ಲಿ ಆ ರಿಕ್ವೆಸ್ಟ್ ಕಾಣುತ್ತದೆ. ಅದನ್ನು ರಿಕ್ವೆಸ್ಟರ್‌ನಲ್ಲಿ ತೆರೆದು 1042 ಇರುವಲ್ಲಿ ಎರಡನೇ ಸದಸ್ಯನ ರಸೀದಿ ಸಂಖ್ಯೆ ಹಾಕಿ ಕಳಿಸಿ. ಕುಕಿ, ಅಂದರೆ ಲಾಗಿನ್ ಗುರುತು, ಮೊದಲನೆಯವನದ್ದೇ. ಉತ್ತರದಲ್ಲಿ ಎರಡನೆಯವನ ಹೆಸರು, ತೂಕ, ಬ್ಯಾಂಕ್ ಖಾತೆ ಬಂದುಬಿಟ್ಟರೆ ಕತೆ ಮುಗಿಯಿತು. ಸಂಖ್ಯೆ ಒಂದೊಂದೇ ಏರಿಸುತ್ತಾ ಹೋದವನಿಗೆ ಇಡೀ ಸಂಘದ ಲೆಕ್ಕ ಸಿಗುತ್ತದೆ. ಇನ್ನೊಂದು ಸಲ ಕುಕಿಯನ್ನೇ ಅಳಿಸಿ ಕಳಿಸಿ ನೋಡಿ. ಆಮೇಲೆ ಕಾರ್ಯದರ್ಶಿಯ ಖಾತೆಯಿಂದ ಆಡಳಿತ ಪುಟ ತೆರೆದು, ಅದೇ ರಿಕ್ವೆಸ್ಟನ್ನು ಸಾಮಾನ್ಯ ಸದಸ್ಯನ ಕುಕಿ ಹಾಕಿ ಕಳಿಸಿ. ಮೆನುವಿನಲ್ಲಿ ಬಟನ್ ಅಡಗಿಸಿಟ್ಟು ‘ಅವರಿಗೆ ಕಾಣುವುದೇ ಇಲ್ಲವಲ್ಲ’ ಎಂದುಕೊಂಡ ಸೈಟುಗಳು ಇಲ್ಲಿ ಮುಗ್ಗರಿಸುತ್ತವೆ.

ಈ ಪರೀಕ್ಷೆಯಲ್ಲಿ ಸ್ಕ್ಯಾನರ್ ಕುರುಡು. ಅದರ ಕಣ್ಣಿಗೆ ಬಂದಿದ್ದು 200 ಎಂಬ ಸರಿಯಾದ ಉತ್ತರ, ಒಳ್ಳೆಯ ಎಚ್‌ಟಿಎಂಎಲ್, ಎಲ್ಲೂ ಎರರ್ ಇಲ್ಲ. ಆ ರಸೀದಿ ಯಾರದ್ದು ಎನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಝ್ಯಾಪ್‌ನಲ್ಲಿ ಆ್ಯಕ್ಸೆಸ್ ಕಂಟ್ರೋಲ್ ಪರೀಕ್ಷೆಗೇ ಒಂದು ಆ್ಯಡ್-ಆನ್ ಇದೆ, ಆದರೆ ಯಾರು ಯಾವ ಪುಟ ನೋಡಬಹುದು ಎಂಬುದನ್ನು ಅದಕ್ಕೂ ನೀವೇ ಹೇಳಿಕೊಡಬೇಕು. ಹತ್ತು ಹದಿನೈದು ಪುಟದ ಪೋರ್ಟಲ್ಲಿಗೆ ಕೈಯಲ್ಲಿ ಮಾಡಿದರೇ ಬೇಗ ಆಗುತ್ತದೆ. ಪರಿಹಾರವೂ ದೊಡ್ಡದಲ್ಲ. ಡೇಟಾಬೇಸಿಗೆ ಕೇಳುವಾಗ ‘ಈ ಸಂಖ್ಯೆಯ ರಸೀದಿ ಕೊಡು’ ಎನ್ನುವ ಬದಲು ‘ಈ ಸಂಖ್ಯೆಯ, ಸೆಷನ್‌ನಲ್ಲಿರುವ ಈ ಸದಸ್ಯನಿಗೇ ಸೇರಿದ ರಸೀದಿ ಕೊಡು’ ಎಂದು ಕೇಳಬೇಕು.

ಈಗ ಆ್ಯಕ್ಟಿವ್ ಸ್ಕ್ಯಾನ್. ಓಡುತ್ತಿರುವ ಸೈಟಿನ ಮೇಲೆ ಕಣ್ಣುಮುಚ್ಚಿ ಬಿಟ್ಟರೆ ಏನೇನಾಗುತ್ತದೆ ಎಂದು ಮೊದಲೇ ತಿಳಿದಿರಲಿ. ಹೋಂಸ್ಟೇಯ ವಿಚಾರಣೆ ಫಾರ್ಮನ್ನು ಅದು ಮತ್ತೆ ಮತ್ತೆ ತುಂಬಿ ಕಳಿಸುತ್ತದೆ. ಮಾಲೀಕರ ಇಮೇಲ್‌ಗೆ ವಿಚಿತ್ರ ಅಕ್ಷರಗಳ ನೂರಾರು ‘ಬುಕಿಂಗ್ ವಿಚಾರಣೆ’ ಬಂದು ಬೀಳುತ್ತವೆ. ಒಟಿಪಿ ಕಳಿಸುವ ಪುಟವಿದ್ದರೆ ಪ್ರತಿ ಪ್ರಯತ್ನಕ್ಕೂ ಒಂದು ಎಸ್‌ಎಂಎಸ್, ಮುಂಗಡ ಕಟ್ಟಿದ ಎಸ್‌ಎಂಎಸ್ ಬ್ಯಾಲೆನ್ಸ್ ಖಾಲಿಯಾಗಲು ಹೆಚ್ಚು ಹೊತ್ತು ಬೇಡ. ‘ಡಿಲೀಟ್’ ಎನ್ನುವುದು ಬರೀ ಲಿಂಕ್ ಆಗಿದ್ದು, ನೀವು ಆಡಳಿತ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಸ್ಪೈಡರ್ ಒಂದೊಂದನ್ನೇ ಒತ್ತುತ್ತಾ ಹೋಗುತ್ತದೆ. ಅದಕ್ಕೆ ಅದೂ ಒಂದು ಲಿಂಕ್ ಅಷ್ಟೆ. ಹಾಗಾಗಿ ಮೋಡ್ ಅನ್ನು ‘ಪ್ರೊಟೆಕ್ಟೆಡ್’ಗೆ ಇಟ್ಟುಕೊಂಡು ಸೈಟನ್ನು ಕಾಂಟೆಕ್ಸ್ಟ್‌ಗೆ (ಮುಟ್ಟಬಹುದಾದ ವಿಳಾಸಗಳ ಪಟ್ಟಿಗೆ) ಸೇರಿಸಿ. ಲಾಗೌಟ್, ಒಟಿಪಿ, ವಿಚಾರಣೆ, ಡಿಲೀಟ್ ವಿಳಾಸಗಳನ್ನು ಹೊರಗಿಡಿ. ಆಮೇಲೆ ಸ್ಕ್ಯಾನ್.

ಬರುವ ವರದಿಯಲ್ಲಿ ಬಹುಪಾಲು ಹೆಡರ್‌ಗಳ ದೂರು ಇರುತ್ತದೆ: ಆ ಹೆಡರ್ ಇಲ್ಲ, ಈ ಕುಕಿಗೆ ಎಚ್‌ಟಿಟಿಪಿಓನ್ಲಿ ಇಲ್ಲ ಎಂದು. ಸರಿಮಾಡುವುದು ಒಳ್ಳೆಯದೇ, ನಿದ್ದೆಗೆಡಬೇಕಾಗಿಲ್ಲ. ಇಡೀ ವರದಿಯನ್ನು ಪಿಡಿಎಫ್ ಮಾಡಿ ಗಿರಾಕಿಗೆ ಕೊಡುವವರಿದ್ದಾರೆ, ದಪ್ಪಗಿದ್ದಷ್ಟೂ ಕೆಲಸ ಮಾಡಿದ ಹಾಗೆ ಕಾಣುತ್ತದಲ್ಲ. ಓದುವವರು ಯಾರು?

ಕುಂದುಗಳೂ ಇವೆ. ಜಾವಾ ಆದ್ದರಿಂದ ಮೆಮೊರಿ ಚೆನ್ನಾಗಿ ತಿನ್ನುತ್ತದೆ. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಜೊತೆ ಇಟ್ಟುಕೊಂಡರೆ ಏದುಸಿರು ಬಿಡುತ್ತದೆ. ಪರದೆ ತುಂಬ ಟ್ಯಾಬುಗಳು, ಹೊಸಬರಿಗೆ ಗಾಬರಿ. ಡಾಕರ್ ಗೊತ್ತಿದ್ದವರಿಗೆ ‘ಬೇಸ್‌ಲೈನ್’ ಸ್ಕ್ರಿಪ್ಟ್ ಇದೆ. ಅದು ಒಂದು ನಿಮಿಷ ಸೈಟ್ ಸುತ್ತಿ ಪ್ಯಾಸಿವ್ ಪರೀಕ್ಷೆ ಮಾತ್ರ ಮಾಡುತ್ತದೆ, ಚುಚ್ಚುವುದಿಲ್ಲ. ಝ್ಯಾಪ್‌ನ ಸ್ಕ್ಯಾನ್‌ಗಳಲ್ಲಿ ಓಡುತ್ತಿರುವ ಸೈಟಿನ ಮೇಲೂ ಹೆಚ್ಚು ಅಂಜಿಕೆಯಿಲ್ಲದೆ ನಡೆಸಬಹುದಾದದ್ದು ಇದೊಂದೇ.

ಬರ್ಪ್ ಸೂಟ್ ಯಾಕೆ ಈ ಪಟ್ಟಿಯಲ್ಲಿಲ್ಲ

ಇದೂ ಝ್ಯಾಪ್‌ನಂಥದ್ದೇ ಟೂಲ್, ಆದರೆ ಓಪನ್ ಸೋರ್ಸ್ ಅಲ್ಲ, ಅದಕ್ಕೆ. ಪೋರ್ಟ್‌ಸ್ವಿಗರ್ ಕಂಪನಿಯ ಕಮ್ಯುನಿಟಿ ಆವೃತ್ತಿ ಪುಕ್ಕಟೆ, ಆದರೆ ಸ್ಕ್ಯಾನರ್ ಇಲ್ಲ, ಪ್ರಾಜೆಕ್ಟ್ ಉಳಿಸಲು ಬರುವುದಿಲ್ಲ, ಒಂದೇ ರಿಕ್ವೆಸ್ಟನ್ನು ಬದಲಿಸಿ ಬದಲಿಸಿ ಕಳಿಸುವ ಇಂಟ್ರೂಡರನ್ನು ಬೇಕೆಂದೇ ನಿಧಾನ ಮಾಡಿಟ್ಟಿದ್ದಾರೆ. ಕೈಯಿಂದ ನೋಡುವ ಕೆಲಸಕ್ಕೆ ಅದರ ರಿಪೀಟರ್ ಝ್ಯಾಪ್‌ನ ರಿಕ್ವೆಸ್ಟರ್‌ಗಿಂತ ನಯವಾಗಿದೆ ಎಂದು ಒಪ್ಪುತ್ತೇನೆ. ಮುಂದೆ ಇದೇ ಕ್ಷೇತ್ರದಲ್ಲಿ ನೌಕರಿ ಹುಡುಕುವ ವಿದ್ಯಾರ್ಥಿ ಬರ್ಪ್ ಕಲಿಯಲೇಬೇಕು, ಸಂದರ್ಶನದಲ್ಲಿ ಕೇಳುವುದು ಅದನ್ನೇ. ಅದೇ ಕಂಪನಿಯ ವೆಬ್ ಸೆಕ್ಯುರಿಟಿ ಅಕಾಡೆಮಿಯ ಪಾಠಗಳೂ ಉಚಿತ. ನಾಲ್ಕು ಗಿರಾಕಿ ಸೈಟು ನೋಡಿಕೊಳ್ಳುವವರಿಗೆ ಝ್ಯಾಪ್ ಸಾಕು.

ಮಿಟ್ಮ್‌ಪ್ರಾಕ್ಸಿಯೂ ಇದೇ ಜಾತಿಯದು, ಎಂಐಟಿ ಲೈಸೆನ್ಸ್. ಪೈಥಾನ್ ಬರೆಯುವವರಿಗೆ ಇಷ್ಟವಾಗುತ್ತದೆ, ಟರ್ಮಿನಲ್‌ನಲ್ಲೇ ನಡೆಯುತ್ತದೆ, ಹಗುರ. ಸೈಟಿಗಿಂತ ಮೊಬೈಲ್ ಆ್ಯಪ್ ಏನು ಕಳಿಸುತ್ತಿದೆ ಎಂದು ನೋಡಲು ನಾನು ಆರಿಸುವುದು ಇದನ್ನೇ. ಒಂದು ಮಾತು: ಆಂಡ್ರಾಯ್ಡ್ 7ರಿಂದೀಚೆಗೆ ಆ್ಯಪ್‌ಗಳು ನಾವು ಹಾಕಿದ ಸರ್ಟಿಫಿಕೇಟನ್ನು ತಾವಾಗಿ ನಂಬುವುದಿಲ್ಲ. ನಿಮ್ಮದೇ ಆ್ಯಪ್ ಆದರೆ ಡಿಬಗ್ ಬಿಲ್ಡ್‌ನಲ್ಲಿ ಅನುಮತಿ ಕೊಟ್ಟುಕೊಳ್ಳಿ.

ನ್ಯೂಕ್ಲಿಯೈ, ನಿಕ್ಟೊ: ಊರ ತುಂಬ ಸೈಟು ಇರುವವರಿಗೆ

ಇವೆರಡೂ ಸೈಟಿನ ಒಳಗಿನ ತರ್ಕ ನೋಡುವುದಿಲ್ಲ. ಮೊದಲೇ ಗೊತ್ತಿರುವ ಎಡವಟ್ಟುಗಳು ಇವೆಯೇ ಎಂದು ಬಾಗಿಲು ತಟ್ಟಿ ನೋಡುತ್ತವೆ.

ನಿಕ್ಟೊ 2001ರಿಂದ ಇದೆ, ಪರ್ಲ್‌ನಲ್ಲಿ ಬರೆದದ್ದು. ಸರ್ವರ್ ಹಳೆಯದಾಗಿದೆಯೇ, ಬಿಟ್ಟುಹೋದ ಫೈಲು ಏನಾದರೂ ಇದೆಯೇ ಎಂದು ಸಾವಿರಾರು ವಿಳಾಸ ಕೇಳಿ ನೋಡುತ್ತದೆ. ಇಲ್ಲದ ಪುಟಕ್ಕೂ ಮುಖಪುಟವನ್ನೇ ತೋರಿಸುವ ಸೈಟುಗಳಲ್ಲಿ ಹುಸಿ ಎಚ್ಚರಿಕೆ ಬರುವುದು ಸಾಮಾನ್ಯ. ಹಳೆಯ ಟೂಲ್ ಎಂಬ ಗೌರವ ಇದೆ. ಇವತ್ತು ಹೊಸದಾಗಿ ಕಲಿಯುವವರು ಇದರಿಂದ ಶುರುಮಾಡಬೇಕಾಗಿಲ್ಲ.

ನ್ಯೂಕ್ಲಿಯೈ ಬಂದದ್ದು 2020ರಲ್ಲಿ, ಪ್ರಾಜೆಕ್ಟ್‌ಡಿಸ್ಕವರಿ ತಂಡದಿಂದ. ಗೋ ಭಾಷೆ, ಎಂಐಟಿ ಲೈಸೆನ್ಸ್. ಇದರ ಜೀವ ಇರುವುದು ಟೆಂಪ್ಲೇಟ್‌ಗಳಲ್ಲಿ. ಒಂದೊಂದು ದೋಷಕ್ಕೆ ಒಂದೊಂದು ಯಾಮಲ್ ಫೈಲು: ಈ ವಿಳಾಸ ಕೇಳು, ಉತ್ತರದಲ್ಲಿ ಈ ಸಾಲು ಇದ್ದರೆ ಹೇಳು. ಸಮುದಾಯ ಬರೆದ ಸಾವಿರಾರು ಟೆಂಪ್ಲೇಟ್ ಇವೆ, ಹೊಸ ದೋಷ ಬಯಲಾದರೆ ಅದಕ್ಕೂ ಬೇಗ ಬರುತ್ತವೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಎನ್ವ್ ಫೈಲು ಹೊರಗೆ ಬಿದ್ದಿರುವುದು, ಕೋಡಿನ ಇತಿಹಾಸವಿರುವ ಗಿಟ್ ಫೋಲ್ಡರ್ ತೆರೆದಿರುವುದು, ಯಾರೋ ಇಟ್ಟು ಮರೆತ ಬ್ಯಾಕಪ್ ಜಿಪ್, ಎಲ್ಲರಿಗೂ ಕಾಣುವ ಪಿಎಚ್‌ಪಿಮೈಆ್ಯಡ್ಮಿನ್, ಇಂಥವನ್ನು ಹಿಡಿಯಲು ಇದಕ್ಕಿಂತ ಚುರುಕಾದದ್ದು ನನಗೆ ಕಂಡಿಲ್ಲ. ಮೂವತ್ತು ನಲವತ್ತು ಗಿರಾಕಿ ಸೈಟು ನೋಡಿಕೊಳ್ಳುವ ಅಂಗಡಿಯಾದರೆ ವಿಳಾಸಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಹಾಕಿ ವಾರಕ್ಕೊಮ್ಮೆ ಓಡಿಸಬಹುದು. ನಿಮ್ಮದೇ ಹಳೆಯ ಥೀಮ್‌ನಲ್ಲಿ ಒಂದು ದೋಷ ಸಿಕ್ಕಿತೆನ್ನಿ, ಅದಕ್ಕೊಂದು ಟೆಂಪ್ಲೇಟ್ ನೀವೇ ಬರೆದುಕೊಂಡರೆ ಆ ಥೀಮ್ ಹಾಕಿದ ಎಲ್ಲ ಸೈಟುಗಳನ್ನೂ ಒಂದೇ ಏಟಿಗೆ ಜಾಲಾಡಬಹುದು.

ಆದರೆ ಅದರ ವೇಗವೇ ನಮಗೆ ಅಪಾಯ. ಏನೂ ಹೇಳದಿದ್ದರೆ ಸೆಕೆಂಡಿಗೆ 150 ರಿಕ್ವೆಸ್ಟ್‌ವರೆಗೆ ಕಳಿಸುತ್ತದೆ. ಶೇರ್ಡ್ ಹೋಸ್ಟಿಂಗ್ ಅದನ್ನು ದಾಳಿ ಎಂದೇ ಎಣಿಸಿ ನಿಮ್ಮ ಐಪಿಯನ್ನು ತಡೆಹಿಡಿಯಬಹುದು. ಆಮೇಲೆ ಬರುವುದೆಲ್ಲ 403, ಅಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ, ಅದನ್ನು ನೋಡಿ ‘ಸೈಟು ಭದ್ರವಾಗಿದೆ’ ಎಂದುಕೊಂಡು ಕೂತರೆ ಮೋಸಹೋದಿರಿ. ರೇಟ್ ಲಿಮಿಟನ್ನು ಐದಕ್ಕೋ ಹತ್ತಕ್ಕೋ ಇಳಿಸಿ. ಅಧಿಕೃತ ಸಂಗ್ರಹ ಬಿಟ್ಟು ಎಲ್ಲೆಲ್ಲೋ ಸಿಕ್ಕ ಟೆಂಪ್ಲೇಟ್ ಓಡಿಸಬೇಡಿ. ಮೂರನೇ ಆವೃತ್ತಿಯಿಂದೀಚೆಗೆ ಕೆಲವು ಬಗೆಯ ಟೆಂಪ್ಲೇಟ್ ನಿಮ್ಮ ಕಂಪ್ಯೂಟರ್ ಮೇಲೆಯೇ ಕೋಡ್ ನಡೆಸಬಲ್ಲದು, ಸಹಿ ಪರಿಶೀಲನೆ ತಂದದ್ದೂ ಅದಕ್ಕಾಗಿಯೇ.

ವಾಪಿಟಿ: ಕರೆಂಟ್ ಹೋಗುವ ಊರಿಗೆ

ವಾಪಿಟಿಯ ಹೆಸರು ಹೆಚ್ಚು ಜನ ಕೇಳಿಲ್ಲ. ಪೈಥಾನ್, ಜಿಪಿಎಲ್, ಪೂರ್ತಿ ಟರ್ಮಿನಲ್. ಸೈಟಿನ ಪುಟಗಳನ್ನೂ ಫಾರ್ಮುಗಳನ್ನೂ ಹುಡುಕಿಕೊಂಡು, ಎಸ್‌ಕ್ಯೂಎಲ್ ಇಂಜೆಕ್ಷನ್ (ಫಾರ್ಮು, ವಿಳಾಸದ ಮೂಲಕ ಡೇಟಾಬೇಸಿಗೆ ಆದೇಶ ನುಗ್ಗಿಸುವುದು), ಎಕ್ಸ್‌ಎಸ್‌ಎಸ್ (ಪುಟದೊಳಗೆ ಹೊರಗಿನವರ ಸ್ಕ್ರಿಪ್ಟ್ ಸೇರಿಸುವುದು), ಫೈಲ್ ಓದುವ ದೋಷ, ಕಮಾಂಡ್ ನಡೆಸುವ ದೋಷ ಎಂದು ಮಾಡ್ಯೂಲ್ ಮಾಡ್ಯೂಲಾಗಿ ಪರೀಕ್ಷಿಸುತ್ತದೆ. ಕೊನೆಗೆ ಅಚ್ಚುಕಟ್ಟಾದ ಎಚ್‌ಟಿಎಂಎಲ್ ವರದಿ. ಸಾಂಪ್ರದಾಯಿಕ ಪಿಎಚ್‌ಪಿ ಸೈಟಿಗೆ ಹೇಳಿ ಮಾಡಿಸಿದಂತಿದೆ, ಝ್ಯಾಪ್‌ನಷ್ಟು ಮೆಮೊರಿ ಕೇಳುವುದಿಲ್ಲ.

ಮಲೆನಾಡಿನವರಿಗೆ ಇದರ ದೊಡ್ಡ ಗುಣ ಬೇರೆಯೇ ಇದೆ. ನೋಡಿದ್ದನ್ನೆಲ್ಲ ಎಸ್‌ಕ್ಯೂಲೈಟ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಅರ್ಧದಲ್ಲಿ ನಿಂತ ಸ್ಕ್ಯಾನನ್ನು ಅಲ್ಲಿಂದಲೇ ಮುಂದುವರಿಸಬಹುದು. ಹೊಸನಗರದಲ್ಲೋ ಆಗುಂಬೆ ಕಡೆಯೋ ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಝ್ಯಾಪ್‌ನಲ್ಲಿ ಸೆಷನ್ ಉಳಿಸಿಟ್ಟರೆ ಹಿಸ್ಟರಿ ಉಳಿಯುತ್ತದೆ, ಆದರೆ ನಿಂತುಹೋದ ಆ್ಯಕ್ಟಿವ್ ಸ್ಕ್ಯಾನನ್ನು ಮತ್ತೆ ಮೊದಲಿಂದ ಹಚ್ಚಬೇಕು.

ಇಲ್ಲೇ ನೆಟ್‌ವರ್ಕಿನ ಮಾತೂ ಹೇಳಿಬಿಡುತ್ತೇನೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಪರೀಕ್ಷೆಗಳಲ್ಲಿ ಒಂದು ಬಗೆ ಸಮಯದ ಮೇಲೆ ನಿಂತಿದೆ. ಡೇಟಾಬೇಸಿಗೆ ‘ಐದು ಸೆಕೆಂಡ್ ಮಲಗು’ ಎಂದು ಗುಟ್ಟಾಗಿ ಹೇಳಿ ಕಳಿಸುತ್ತದೆ, ಉತ್ತರ ಐದು ಸೆಕೆಂಡ್ ತಡವಾದರೆ ದೋಷ ಇದೆ ಎಂದರ್ಥ. ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಬರುವ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಉತ್ತರ ತಾನಾಗಿಯೇ ಐದು ಸೆಕೆಂಡ್ ತಡವಾಗುತ್ತದೆ! ಆಗ ಇಲ್ಲದ ದೋಷ ವರದಿಯಲ್ಲಿ ಬಂದು ಕೂರುತ್ತದೆ. ಸಮಯದ ಆಧಾರದ ಎಚ್ಚರಿಕೆ ಬಂದರೆ ಬೇರೆ ನೆಟ್‌ವರ್ಕಿನಿಂದ ಇನ್ನೊಮ್ಮೆ ನೋಡದೆ ನಂಬಬೇಡಿ. ಸ್ಕ್ಯಾನ್ ಕೆಲಸವನ್ನು ಗಂಟೆ ಲೆಕ್ಕದ ಕ್ಲೌಡ್ ಸರ್ವರ್‌ನಿಂದ ಮಾಡಿದರೆ ಕರೆಂಟು, ಸಿಗ್ನಲ್ ಎರಡರ ಕಾಟವೂ ತಪ್ಪುತ್ತದೆ. ಆ ಕಂಪನಿಯ ನಿಯಮ ನೋಡಿಕೊಂಡು ಮಾಡಿ.

ಎಸ್‌ಕ್ಯೂಎಲ್‌ಮ್ಯಾಪ್: ನಕಲಿನ ಮೇಲೆ ಮಾತ್ರ

ಒಂದೇ ಕೆಲಸ, ಅದನ್ನು ಇದರಷ್ಟು ಚೆನ್ನಾಗಿ ಮಾಡುವುದು ಇನ್ನೊಂದಿಲ್ಲ. 2006ರಿಂದ ಬೆಳೆದುಬಂದಿದೆ, ಪೈಥಾನ್, ಜಿಪಿಎಲ್. ಇಂಜೆಕ್ಷನ್ ಇದೆಯೇ ಎಂದು ಹುಡುಕುವುದಷ್ಟೇ ಅಲ್ಲ, ಇದ್ದರೆ ಟೇಬಲ್‌ಗಳನ್ನು ಹೊರತೆಗೆದೂ ತೋರಿಸುತ್ತದೆ. ಝ್ಯಾಪ್ ಅಥವಾ ವಾಪಿಟಿ ‘ಇಲ್ಲಿ ಸಂಶಯ’ ಎಂದ ಜಾಗವನ್ನು ಖಚಿತಪಡಿಸಿಕೊಳ್ಳಲು ಇದು. ಹುಡುಕಾಟ ಶುರುಮಾಡಲು ಅಲ್ಲ.

ಇದಕ್ಕೆ ಎರಡು ತಿರುಪು ಇವೆ. ಲೆವೆಲ್ 1ರಿಂದ 5, ರಿಸ್ಕ್ 1ರಿಂದ 3. ವಿಡಿಯೊ ನೋಡಿ ಕಲಿತವರು ಎರಡನ್ನೂ ಕೊನೆಗೆ ತಿರುಗಿಸಿ ಓಡಿಸುತ್ತಾರೆ. ಲೆವೆಲ್ ಏರಿಸಿದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ರಿಸ್ಕ್ ಹಾಗಲ್ಲ. 3ಕ್ಕೆ ಏರಿಸಿದರೆ ‘ಆರ್’ (OR, ಅಂದರೆ ‘ಅಥವಾ’) ಸೇರಿಸುವ ಪರೀಕ್ಷೆಗಳೂ ಬರುತ್ತವೆ: ‘ಈ ಶರತ್ತು, ಅಥವಾ ಯಾವಾಗಲೂ ನಿಜವಾಗುವ ಇನ್ನೊಂದು’. ಓದುವ ಕ್ವೆರಿಗೆ ಅದು ಬಿದ್ದರೆ ಹೆಚ್ಚೇನೂ ಆಗದು. ಧಾರಣೆ ತಿದ್ದುವ ಪುಟದ ಅಪ್‌ಡೇಟ್ ಕ್ವೆರಿಗೆ ಬಿದ್ದರೆ? ಒಂದು ಸಾಲು ತಿದ್ದಬೇಕಾದ್ದು ಎಲ್ಲ ಸಾಲನ್ನೂ ತಿದ್ದುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ನಾಲ್ಕು ಬಗೆಗೂ ಒಂದೇ ಧಾರಣೆ. ಸರಕಿನ ಬೆಲೆ ಗೊರಬಲಿಗೂ ಬಂದರೆ ಬೆಳೆಗಾರರಿಗೆ ಒಂದು ಕ್ಷಣ ಖುಷಿಯಾದೀತು, ಮಂಡಿಯವರ ಫೋನು ಮಾತ್ರ ನಿಮಗೇ ಬರುತ್ತದೆ. ಸೈಟಿನ ನಕಲು ಎಬ್ಬಿಸಿಕೊಳ್ಳಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ವರ್ಡ್‌ಪ್ರೆಸ್ ಆದರೆ

ವರ್ಡ್‌ಪ್ರೆಸ್ ಸೈಟಿನಲ್ಲಿ ದೋಷ ಹೆಚ್ಚಾಗಿ ಇರುವುದು ಪ್ಲಗಿನ್‌ಗಳಲ್ಲಿ. ಯಾವ ಪ್ಲಗಿನ್, ಯಾವ ಆವೃತ್ತಿ, ಅದರಲ್ಲಿ ಬಯಲಾದ ದೋಷ ಏನು ಎಂದು ಹೇಳುವುದರಲ್ಲಿ ಡಬ್ಲ್ಯೂಪಿಸ್ಕ್ಯಾನ್ ನಿಪುಣ. ಆದರೆ ಓಪನ್ ಸೋರ್ಸ್ ಪಟ್ಟಿಗಳಲ್ಲೆಲ್ಲ ಇದನ್ನು ಸೇರಿಸುವುದು ಪೂರ್ತಿ ಸರಿಯಲ್ಲ. ಕೋಡ್ ಎಲ್ಲರಿಗೂ ಕಾಣುತ್ತದೆ, ಲೈಸೆನ್ಸ್ ಮಾತ್ರ ಅವರದೇ, ವ್ಯಾಪಾರಿ ಬಳಕೆಗೆ ಮಿತಿಗಳಿವೆ. ದೋಷಗಳ ಮಾಹಿತಿ ಬೇಕೆಂದರೆ ಟೋಕನ್ ಬೇಕು, ಉಚಿತ ಟೋಕನ್ನಿಗೆ ದಿನದ ಮಿತಿ ಇದೆ. 2021ರಲ್ಲಿ ಇದನ್ನು ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. ನಿಮ್ಮದೇ ಒಂದು ಸೈಟಿಗೆ ಧಾರಾಳವಾಗಿ ಬಳಸಿ. ಗಿರಾಕಿ ಕೆಲಸಕ್ಕಾದರೆ ಲೈಸೆನ್ಸ್ ಓದಿಕೊಳ್ಳಿ, ಅಥವಾ ನ್ಯೂಕ್ಲಿಯೈನ ವರ್ಡ್‌ಪ್ರೆಸ್ ಟೆಂಪ್ಲೇಟ್‌ಗಳಿಂದ ಸುಧಾರಿಸಿಕೊಳ್ಳಿ. ಬಳಸದ ಪ್ಲಗಿನ್ ಕಿತ್ತುಹಾಕಿ ಉಳಿದವನ್ನು ಅಪ್‌ಡೇಟ್ ಮಾಡಿದರೆ ಸ್ಕ್ಯಾನ್ ಮಾಡುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

ಕೋಡ್ ನಿಮ್ಮದೇ ಆದರೆ, ಮತ್ತು ಬಿಟ್ಟುಬಿಡಬೇಕಾದವು

ಸೋರ್ಸ್ ಕೋಡ್ ಕೈಯಲ್ಲಿರುವವರು ಹೊರಗಿನಿಂದ ಮಾತ್ರ ಯಾಕೆ ನೋಡಬೇಕು? ಪಿಎಚ್‌ಪಿ ಲೈಬ್ರರಿಗಳನ್ನು ತಂದು ಹಾಕುವ ಕಂಪೋಸರ್‌ನಲ್ಲಿ 2.4ನೇ ಆವೃತ್ತಿಯಿಂದ ‘ಆಡಿಟ್’ ಎಂಬ ಆದೇಶ ಇದೆ, ನೋಡ್ ಬಳಸುವವರಿಗೆ ಎನ್‌ಪಿಎಂನಲ್ಲೂ ಇದೆ. ನೀವು ಬಳಸಿದ ಲೈಬ್ರರಿಗಳಲ್ಲಿ ಗೊತ್ತಿರುವ ದೋಷ ಯಾವುದು ಎಂದು ಕ್ಷಣದಲ್ಲಿ ಹೇಳುತ್ತದೆ. ಸೆಮ್‌ಗ್ರೆಪ್ ಕೋಡಿನ ಸಾಲುಗಳಲ್ಲೇ ಅಪಾಯದ ನಮೂನೆ ಹುಡುಕುತ್ತದೆ, ಗಿಟ್‌ಲೀಕ್ಸ್ ಗಿಟ್ ಇತಿಹಾಸದಲ್ಲಿ ಉಳಿದುಹೋದ ಪಾಸ್‌ವರ್ಡ್ ಹುಡುಕುತ್ತದೆ. ಸೈಟಿನ ಸರ್ಟಿಫಿಕೇಟ್, ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ನೋಡಲು ಟೆಸ್ಟ್‌ಎಸ್‌ಎಸ್‌ಎಲ್ ಸ್ಕ್ರಿಪ್ಟ್.

ಹಳೆಯ ‘ಟಾಪ್ ಹತ್ತು’ ಪಟ್ಟಿಗಳಲ್ಲಿ, ಕಾಲೇಜು ಪ್ರಾಜೆಕ್ಟ್ ವರದಿಗಳಲ್ಲಿ ಇಂದಿಗೂ ಡಬ್ಲ್ಯೂ3ಎಎಫ್, ಅರಾಕ್ನಿ, ಸ್ಕಿಪ್‌ಫಿಶ್ ಹೆಸರು ಬರುತ್ತವೆ. ಡಬ್ಲ್ಯೂ3ಎಎಫ್ ಪೈಥಾನ್ 2ರ ಕಾಲದ್ದು, ಅರಾಕ್ನಿಯ ಕೆಲಸ ನಿಂತಿದೆ, 2010ರಲ್ಲಿ ಗೂಗಲ್ ಹೊರತಂದ ಸ್ಕಿಪ್‌ಫಿಶ್ ಅನ್ನು ಮುಂದುವರಿಸಿದವರಿಲ್ಲ. ಅವುಗಳನ್ನು ಇನ್‌ಸ್ಟಾಲ್ ಮಾಡಲು ಒದ್ದಾಡುವ ಹೊತ್ತಿನಲ್ಲಿ ಝ್ಯಾಪ್ ಕಲಿತುಬಿಡಬಹುದು.

ಹಾಗಾದರೆ ಯಾರಿಗೆ ಯಾವುದು

ಲಾಗಿನ್ ಇರುವ ಸೈಟು, ಅದು ಸೊಸೈಟಿಯದ್ದಿರಲಿ, ಶಾಲೆಯದ್ದಿರಲಿ, ಝ್ಯಾಪ್ ಮತ್ತು ಎರಡು ಪರೀಕ್ಷಾ ಖಾತೆ. ಬೇರೆ ಏನನ್ನೂ ಮಾಡದಿದ್ದರೂ ಇದನ್ನು ಬಿಡಬೇಡಿ. ಲಾಗಿನ್ನೇ ಇಲ್ಲದ, ಚಿತ್ರ ಮತ್ತು ಫೋನ್ ನಂಬರ್ ತೋರಿಸುವ ಹೋಂಸ್ಟೇ ಪುಟವಾದರೆ ನ್ಯೂಕ್ಲಿಯೈ ನಿಧಾನಕ್ಕೆ ಒಮ್ಮೆ, ಜೊತೆಗೆ ಝ್ಯಾಪ್ ಬೇಸ್‌ಲೈನ್, ಸಾಕು. ಹಣ ಕಟ್ಟಿಸಿಕೊಳ್ಳುವ ಪುಟವಿದ್ದರೆ ಝ್ಯಾಪ್‌ನಲ್ಲಿ ಮೊತ್ತವನ್ನು ನಡುವೆ ತಿದ್ದಿ ಕಳಿಸಿ ನೋಡಿ. ಮೂರು ಸಾವಿರದ ಕೋಣೆ ಮೂರು ರೂಪಾಯಿಗೆ ‘ಬುಕ್’ ಆದರೆ ಮೊತ್ತವನ್ನು ಬ್ರೌಸರ್‌ನಿಂದ ನಂಬಿದ್ದೀರಿ ಎಂದರ್ಥ. ಇದನ್ನೂ ಸ್ಕ್ಯಾನರ್ ಹೇಳುವುದಿಲ್ಲ. ಹಳೇ ಪಿಎಚ್‌ಪಿ ಸೈಟು ಬೇರೆಯವರಿಂದ ನಿಮ್ಮ ಕೈಗೆ ಬಂದಿದ್ದರೆ ನಕಲು ಮಾಡಿಕೊಂಡು ವಾಪಿಟಿ, ಸಂಶಯದ ಜಾಗಕ್ಕೆ ಎಸ್‌ಕ್ಯೂಎಲ್‌ಮ್ಯಾಪ್. ಸರ್ಕಾರಿ ಇಲಾಖೆಯ ಸೈಟಾದರೆ ಇವು ನಿಮ್ಮ ಪೂರ್ವಸಿದ್ಧತೆಗೆ ಮಾತ್ರ, ಅಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಾನ್ಯ ಮಾಡಿದ ಆಡಿಟರ್‌ಗಳ ವರದಿಯೇ ಬೇಕು. ಪರೀಕ್ಷೆ ಮಾಡುವಾಗ ಈಗಾಗಲೇ ಯಾರೋ ಒಳಹೊಕ್ಕ ಗುರುತು ಸಿಕ್ಕರೆ ಟೂಲ್ ನಿಲ್ಲಿಸಿ. ಏಪ್ರಿಲ್ 2022ರ ಸರ್ಟ್-ಇನ್ ನಿರ್ದೇಶನದಂತೆ ಅಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಕಂಪನಿಗಳಿಗೂ ಅದು ಅನ್ವಯ.

ಶಿವಮೊಗ್ಗದ ನವುಲೆ ಕಡೆಯ ಎಂಜಿನಿಯರಿಂಗ್ ಹುಡುಗರು ಕಲಿಯಲು ಯಾರ ಸೈಟನ್ನೂ ಮುಟ್ಟಬೇಕಾಗಿಲ್ಲ. ಬೇಕೆಂದೇ ತೂತು ಬಿಟ್ಟು ಕಟ್ಟಿದ ಅಪ್ಲಿಕೇಶನ್‌ಗಳಿವೆ. ಡಿವಿಡಬ್ಲ್ಯೂಎ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನದ್ದು, ನಮ್ಮೂರ ಸೈಟುಗಳನ್ನೇ ಹೋಲುತ್ತದೆ. ಲೋ, ಮೀಡಿಯಂ, ಹೈ, ಇಂಪಾಸಿಬಲ್ ಎಂದು ನಾಲ್ಕು ಹಂತ, ಪ್ರತಿ ಹಂತದ ಕೋಡನ್ನೂ ತೆರೆದು ಓದಬಹುದು. ಒಂದೇ ಪುಟವನ್ನು ವಾಪಿಟಿ, ಝ್ಯಾಪ್ ಎರಡರಿಂದಲೂ ನೋಡಿದರೆ ಯಾವುದು ಏನನ್ನು ಬಿಡುತ್ತದೆ ಎಂದು ಗೊತ್ತಾಗುತ್ತದೆ. ಜ್ಯೂಸ್ ಶಾಪ್ ಹೊಸ ಕಾಲದ್ದು, ಪುಟ ಪೂರ್ತಿ ಜಾವಾಸ್ಕ್ರಿಪ್ಟ್. ಅದರ ಮೇಲೆ ಝ್ಯಾಪ್‌ನ ಸಾಮಾನ್ಯ ಸ್ಪೈಡರ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ, ನಿಜವಾದ ಬ್ರೌಸರ್ ತೆರೆದು ಓಡುವ ಏಜಾಕ್ಸ್ ಸ್ಪೈಡರ್ ಬೇಕಾಗುತ್ತದೆ. ಎರಡನ್ನೂ ಡಾಕರ್‌ನಲ್ಲಿ ಎಬ್ಬಿಸುವಾಗ ಪೋರ್ಟನ್ನು 127.0.0.1ಕ್ಕೇ, ಅಂದರೆ ನಿಮ್ಮ ಕಂಪ್ಯೂಟರಿಗಷ್ಟೇ, ಕಟ್ಟಿಹಾಕಿ. ಹಾಗೇ ಬಿಟ್ಟರೆ ಹಾಸ್ಟೆಲ್ ವೈಫೈನಲ್ಲಿರುವ ಪಕ್ಕದ ಕೋಣೆಯವರಿಗೂ ಅದು ತೆರೆದುಕೊಳ್ಳುತ್ತದೆ.